ದೆವ್ವ ಬಿಡಿಸಿದ ಪ್ರಸಂಗಗಳು ಮತ್ತು ಯೇಸುವಿನ ದೈವತ್ವ: ಸಾಕ್ಷಿ ಎಲ್ಲಿದೆ, ಎಲ್ಲಿಲ್ಲ

ಯೇಸು ದೆವ್ವ ಬಿಡಿಸಿದ ಪ್ರಸಂಗಗಳ ಬಗ್ಗೆ ಹೆಚ್ಚಾಗಿ ಕೇಳಿಬರುವ ವಾದ ಒಂದಿದೆ: "ದೆವ್ವಗಳೇ ಆತನನ್ನು ದೇವರ ಮಗನೆಂದು ಒಪ್ಪಿಕೊಂಡವು, ಇನ್ನೇನು ಸಾಕ್ಷಿ ಬೇಕು?" ಕೇಳಲು ಚೆನ್ನಾಗಿದೆ, ಆದರೆ ಎರಡು ಕಡೆ ಕುಸಿಯುತ್ತದೆ. ಸುಳ್ಳಿಗೆ ಹೆಸರಾದವರನ್ನೇ ಮುಖ್ಯ ಸಾಕ್ಷಿಗಳಾಗಿ ನಿಲ್ಲಿಸಿದಂತಾಗುತ್ತದೆ. ಆ ಸಾಕ್ಷಿ ಬೇಡವೆಂದು ಸ್ವತಃ ಯೇಸುವೇ ಬಾಯಿ ಮುಚ್ಚಿಸಿದ್ದಾನೆ. ಮೇಲಾಗಿ, ದೆವ್ವಗಳು ಬಳಸಿದ ಬಿರುದುಗಳು ಆ ಕಾಲದ ಯೆಹೂದ್ಯನ ಕಿವಿಗೆ "ಇವನೇ ದೇವರು" ಎಂದು ನೇರವಾಗಿ ಕೇಳಿಸುವಂಥವಲ್ಲ.

ಗಟ್ಟಿಯಾದ ಸಾಕ್ಷಿ ಬೇರೆ ಕಡೆ ಇದೆ. ಯೇಸು ಯಾರ ಹೆಸರನ್ನು ಎತ್ತಲಿಲ್ಲ, ಯಾವ ವಿಧಾನ ಬಳಸಲಿಲ್ಲ, ಆ ಘಟನೆಯನ್ನು ಹೇಳಲು ಸುವಾರ್ತೆಗಾರರು ಯಾವ ಕ್ರಿಯಾಪದ ಆರಿಸಿಕೊಂಡರು ಎಂಬುದರಲ್ಲಿ ಅದನ್ನು ಹುಡುಕಬೇಕು. ಒಂದು ಸಾಲಿನಲ್ಲಿ ಹೇಳುವುದಾದರೆ, ದೆವ್ವದ ಬಾಯಿಗಿಂತ ಯೇಸುವಿನ ಬಾಯಿಯನ್ನು ಗಮನಿಸಬೇಕು.

ಮಾರ್ಕನ ಸುವಾರ್ತೆಯಲ್ಲಿ ಇಂಥ ನಾಲ್ಕು ವಿವರವಾದ ಪ್ರಸಂಗಗಳಿವೆ: ಕಪೆರ್ನೌಮಿನ ಸಭಾಮಂದಿರ (1:21-28), ಗೆರಸೇನರ ಸೀಮೆ (5:1-20), ಸಿರಿಯದ ಫೊಯಿನಿಕೆ ಸ್ತ್ರೀಯ ಮಗಳು (7:24-30), ಮೂಗ ಆತ್ಮ ಹಿಡಿದಿದ್ದ ಹುಡುಗ (9:14-29). ಮತ್ತಾಯ ಮತ್ತು ಲೂಕರು ಇನ್ನು ಕೆಲವನ್ನು ಸೇರಿಸುತ್ತಾರೆ. ಯೋಹಾನನಲ್ಲಿ ಒಂದೂ ಇಲ್ಲ; ಆ ವಿಚಾರಕ್ಕೆ ಕೊನೆಯಲ್ಲಿ ಬರೋಣ.

ಬಿರುದುಗಳು ಎಷ್ಟು ಭಾರ ಹೊರುತ್ತವೆ?

ಕಪೆರ್ನೌಮಿನಲ್ಲಿ ಅಶುದ್ಧಾತ್ಮ ಕೂಗುವುದು ಹೀಗೆ: ನಜರೇತಿನ ಯೇಸುವೇ, ನಮ್ಮ ಗೊಡವೆ ನಿನಗೇಕೆ? ನಮ್ಮನ್ನು ನಾಶಮಾಡಲು ಬಂದೆಯಾ? ನೀನು ಯಾರೆಂದು ಬಲ್ಲೆ, ನೀನು ದೇವರ ಪರಿಶುದ್ಧನು. "ನಮ್ಮ" ಎಂದು ಬಹುವಚನದಲ್ಲಿ ಶುರುವಾದ ಮಾತು "ಬಲ್ಲೆ" ಎಂದು ಏಕವಚನಕ್ಕೆ ಜಾರುತ್ತದೆ. ಮಾತಾಡುತ್ತಿರುವುದು ಒಂದೇ, ಆದರೆ ಅಂಜಿಕೆ ಇಡೀ ಗುಂಪಿನದು.

"ನಮ್ಮ ಗೊಡವೆ ನಿನಗೇಕೆ" ಎಂಬುದು ಹಳೆಯ ಒಡಂಬಡಿಕೆಯ ನುಡಿಗಟ್ಟು. ಮಗ ಸತ್ತಾಗ ಚಾರೆಪ್ತದ ವಿಧವೆ ಪ್ರವಾದಿಯಾದ ಎಲೀಯನಿಗೆ ಇದೇ ಧಾಟಿಯಲ್ಲಿ ಹೇಳುತ್ತಾಳೆ (1 ಅರಸುಗಳು 17:18): ದೇವರ ಮನುಷ್ಯನೇ, ನನ್ನ ಪಾಪವನ್ನು ನೆನಪಿಗೆ ತರಲು ಬಂದೆಯಾ? ಹತ್ತಿರ ಬರಬಾರದಾಗಿದ್ದ ಪಾವಿತ್ರ್ಯ ಹತ್ತಿರ ಬಂದಾಗ ಹೊರಡುವ ಮಾತು ಅದು.

"ದೇವರ ಪರಿಶುದ್ಧನು" ದೊಡ್ಡ ಬಿರುದೇ ಸರಿ. ಯೋಹಾನ 6:69ರಲ್ಲಿ ಪೇತ್ರನ ಅರಿಕೆಯೂ ಪ್ರಾಚೀನ ಹಸ್ತಪ್ರತಿಗಳ ಪ್ರಕಾರ ಇದೇ. ಆದರೆ 106ನೆಯ ಕೀರ್ತನೆಯ 16ನೆಯ ವಚನ ಆರೋನನನ್ನೂ ಯೆಹೋವನ ಪರಿಶುದ್ಧನೆಂದು ಕರೆಯುತ್ತದೆ. ಹಾಗೆಂದು ಆರೋನ ದೇವರಾಗಲಿಲ್ಲ. "ದೇವರ ಮಗ" ಎಂಬುದರ ಕಥೆಯೂ ಇಷ್ಟೇ: 2 ಸಮುವೇಲ 7:14ರಲ್ಲಿ ದಾವೀದ ವಂಶದ ಅರಸ, ಯೋಬ 1:6ರಲ್ಲಿ ದೇವದೂತರು ಆ ಹೆಸರಿಗೆ ಪಾತ್ರರು. ಲೂಕ 4:41ನ್ನು ನಿಧಾನವಾಗಿ ಓದಿ. ದೆವ್ವಗಳು "ನೀನು ದೇವಕುಮಾರನು" ಎಂದು ಕೂಗುತ್ತವೆ. ಆತನು ಕ್ರಿಸ್ತನೆಂದು ಅವುಗಳಿಗೆ ತಿಳಿದಿತ್ತು ಎಂದು ಲೂಕ ಅದನ್ನು ವಿವರಿಸುತ್ತಾನೆ. ಅಲ್ಲಿ ಬಿರುದಿನ ಮೊದಲ ಅರ್ಥ ಅಭಿಷಿಕ್ತ ಅರಸ.

ಬಿರುದು ಬಾಗಿಲು ತೆರೆಯುತ್ತದೆ, ಅಷ್ಟೇ. ಆ ಬಿರುದಿನೊಳಗೆ ಯೇಸು ಏನು ತುಂಬಿದನು ಎಂಬುದು ಆತನ ನಡೆಯಿಂದ ತಿಳಿಯಬೇಕು. ಬೋಧಕರು ಎಡವುವುದು ಇಲ್ಲೇ. ಯೇಸು ದೇವರೇ ಎಂದು ಸಾರುವ ನೈಸಿಯಾದ ವಿಶ್ವಾಸಪ್ರಮಾಣದ ಪೂರ್ಣ ಅರ್ಥವನ್ನು ಕಪೆರ್ನೌಮಿನ ದೆವ್ವದ ಬಾಯಿಗೆ ತುರುಕುತ್ತಾರೆ. ಆ ಪ್ರಮಾಣ ಬಂದದ್ದು 325ರಲ್ಲಿ.

ಆ ಕಾಲದ ದೆವ್ವ ಬಿಡಿಸುವವರು ಹೇಗೆ ಕೆಲಸ ಮಾಡುತ್ತಿದ್ದರು?

ಯೇಸು ಮಾಡಿದ್ದರಲ್ಲಿ ಹೊಸತೇನೆಂದು ತಿಳಿಯಬೇಕಾದರೆ ಉಳಿದವರ ಪದ್ಧತಿ ಗೊತ್ತಿರಬೇಕು. ಮೊದಲನೆಯ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೀಫಸ್ ತಾನೇ ಕಂಡ ಒಂದು ಪ್ರಸಂಗವನ್ನು ತನ್ನ ಯೆಹೂದ್ಯ ಚರಿತ್ರೆಯ 8ನೆಯ ಭಾಗದಲ್ಲಿ ಬರೆದಿದ್ದಾನೆ. ರೋಮನ್ ಚಕ್ರವರ್ತಿ ವೆಸ್ಪಾಸಿಯನ್, ಅವನ ಮಕ್ಕಳು ಮತ್ತು ಸೇನಾಧಿಕಾರಿಗಳ ಮುಂದೆ ಎಲೆಯಾಜರ ಎಂಬವನು ದೆವ್ವ ಬಿಡಿಸುತ್ತಾನೆ. ಅವನ ಉಂಗುರದ ಮುದ್ರೆಯ ಕೆಳಗೆ ಸೊಲೊಮೋನ ಸೂಚಿಸಿದ್ದೆಂದು ಹೇಳಲಾಗುವ ಬೇರು. ಅದನ್ನು ರೋಗಿಯ ಮೂಗಿಗೆ ಹಿಡಿದು ದೆವ್ವವನ್ನು ಮೂಗಿನ ಹೊಳ್ಳೆಗಳಿಂದ ಹೊರಗೆಳೆಯುತ್ತಾನೆ. ರೋಗಿ ನೆಲಕ್ಕೆ ಬಿದ್ದ ಮೇಲೆ ಸೊಲೊಮೋನನ ಹೆಸರೆತ್ತಿ, ಅವನು ರಚಿಸಿದ ಮಂತ್ರಗಳನ್ನು ಹೇಳಿ, ಮತ್ತೆ ಬರಬೇಡವೆಂದು ಆಣೆ ಹಾಕುತ್ತಾನೆ. ಕೊನೆಗೆ ಪುರಾವೆ: ಸ್ವಲ್ಪ ದೂರದಲ್ಲಿಟ್ಟ ನೀರಿನ ಪಾತ್ರೆಯನ್ನು ಹೊರಡುವಾಗ ಉರುಳಿಸಿಹೋಗೆಂದು ದೆವ್ವಕ್ಕೆ ಹೇಳುತ್ತಾನೆ.

ತೋಬಿತನ ಗ್ರಂಥವೆಂಬ ಪ್ರಾಚೀನ ಯೆಹೂದ್ಯ ಕೃತಿಯಲ್ಲಿ ಮೀನಿನ ಹೃದಯ ಮತ್ತು ಯಕೃತ್ತನ್ನು ಧೂಪದ ಕೆಂಡದ ಮೇಲಿಟ್ಟು ಸುಡುತ್ತಾರೆ. ಆ ವಾಸನೆಗೆ ಅಸ್ಮೋದೆಯ ಎಂಬ ದೆವ್ವ ಐಗುಪ್ತದವರೆಗೆ ಓಡಿಹೋಗುತ್ತದೆ, ರಫಾಯೇಲ ದೂತನು ಅದನ್ನು ಕಟ್ಟಿಹಾಕುತ್ತಾನೆ. ದಾವೀದನ ಕಿನ್ನರಿ ಸೌಲನ ದುರಾತ್ಮವನ್ನು ಶಮನ ಮಾಡುತ್ತಿತ್ತು (1 ಸಮುವೇಲ 16:23). ಮೃತಸಮುದ್ರದ ಸುರುಳಿಗಳೆಂಬ ಪ್ರಾಚೀನ ಯೆಹೂದ್ಯ ಹಸ್ತಪ್ರತಿಗಳಲ್ಲಿ ದೆವ್ವಗಳ ವಿರುದ್ಧ ಹೇಳುವ ಕೀರ್ತನೆಗಳ ಒಂದು ಸಂಗ್ರಹವೇ ಸಿಕ್ಕಿದೆ. 91ನೆಯ ಕೀರ್ತನೆ ಅದರಲ್ಲಿದೆ.

ಎಲ್ಲದರಲ್ಲೂ ಒಂದು ಸಾಮಾನ್ಯ ಅಂಶ ಕಾಣುತ್ತದೆ: ಬಲ ಕಡ ತಂದದ್ದು. ವಸ್ತುವಿನಿಂದ, ಮಂತ್ರದಿಂದ, ಹಿರಿಯನ ಹೆಸರಿನಿಂದ, ಇಲ್ಲವೇ ದೇವರಿಗೆ ಮಾಡಿದ ಪ್ರಾರ್ಥನೆಯಿಂದ. ಯೇಸುವಿನ ಪ್ರಸಂಗಗಳಲ್ಲಿ ಬೇರಿಲ್ಲ, ಉಂಗುರವಿಲ್ಲ, ಧೂಪವಿಲ್ಲ. "ಯೆಹೋವನ ಹೆಸರಿನಲ್ಲಿ" ಎಂಬ ಮಾತೂ ಇಲ್ಲ. ದೆವ್ವವನ್ನು ಎದುರಿಸುವ ಗಳಿಗೆಯಲ್ಲಿ ಆತ ಪ್ರಾರ್ಥಿಸಿದ್ದನ್ನು ಸುವಾರ್ತೆಗಳು ಎಲ್ಲಿಯೂ ದಾಖಲಿಸಿಲ್ಲ. "ಮಾತಿನಿಂದಲೇ" ಬಿಡಿಸಿದನು ಎಂದು ಮತ್ತಾಯ 8:16 ಹೇಳುತ್ತದೆ. ಫೊಯಿನಿಕೆ ಸ್ತ್ರೀಯ ಮಗಳ ವಿಷಯದಲ್ಲಂತೂ ದೆವ್ವಕ್ಕೆ ಹೇಳಿದ ಮಾತೂ ಇಲ್ಲ. ತಾಯಿಗೆ "ಹೋಗು, ಬಿಟ್ಟುಹೋಗಿದೆ" ಎಂಬ ಸುದ್ದಿ ಮಾತ್ರ. ಮಗಳು ಮನೆಯಲ್ಲಿ ಹಾಸಿಗೆಯ ಮೇಲೆ.

ಮಾರ್ಕ 9:25ರ ಒಂದು ಸೂಕ್ಷ್ಮ ಕನ್ನಡದವರಿಗೆ ಬೇಗ ಹೊಳೆಯುತ್ತದೆ. "ಅಪ್ಪಣೆ ಕೊಡುತ್ತೇನೆ" ಎಂದರೆ ಸಾಕು, ಕ್ರಿಯಾಪದದ ತುದಿಯಲ್ಲೇ "ನಾನು" ಇದೆ. ಸುವಾರ್ತೆಗಳ ಮೂಲಭಾಷೆಯಾದ ಗ್ರೀಕ್ ಕೂಡ ಹಾಗೆಯೇ. ಆದರೂ ಅಲ್ಲಿ "ಎಗೋ ಎಪಿತಾಸ್ಸೋ ಸೊಯ್" ಎಂದಿದೆ: ನಾನು ನಿನಗೆ ಅಪ್ಪಣೆ ಕೊಡುತ್ತೇನೆ. ಬಿಟ್ಟರೂ ನಡೆಯುತ್ತಿದ್ದ "ಎಗೋ" ಬೇಕೆಂದೇ ಬಂದಿದೆ. ಏಳು ವಚನ ಹಿಂದೆ ಶಿಷ್ಯರು ಸೋತದ್ದನ್ನು ಹುಡುಗನ ತಂದೆ ಹೇಳಿಕೊಂಡಿದ್ದಾನೆ. ಅವರಿಂದ ಆಗದ್ದು, ಈಗ ನಾನು ಹೇಳುತ್ತಿದ್ದೇನೆ, ಎಂಬ ಧ್ವನಿ. ಶಿಷ್ಯರಿಗೆ ಮಾತ್ರ "ಈ ಜಾತಿಯದು ಪ್ರಾರ್ಥನೆಯಿಂದಲೇ ಹೊರಡುತ್ತದೆ" ಎನ್ನುತ್ತಾನೆ. ಅವರಿಗೆ ಪ್ರಾರ್ಥನೆ ಬೇಕು. ಆ ದೃಶ್ಯದಲ್ಲಿ ಆತ ಪ್ರಾರ್ಥಿಸಿದ್ದು ಕಾಣುವುದಿಲ್ಲ.

ಇಲ್ಲೊಂದು ಎಚ್ಚರಿಕೆ. "ಪ್ರಾಚೀನ ಜಗತ್ತಿನಲ್ಲಿ ಇನ್ಯಾರೂ ಹೀಗೆ ನೇರ ಅಪ್ಪಣೆ ಕೊಟ್ಟಿಲ್ಲ" ಎಂದು ಸಾರಿಬಿಡಬೇಡಿ. ತಿಯಾನದ ಅಪೊಲ್ಲೋನಿಯಸ್ ಎಂಬ ಗ್ರೀಕ್ ಜ್ಞಾನಿ ಅಥೆನ್ಸಿನಲ್ಲಿ ಒಬ್ಬ ಯುವಕನ ದೆವ್ವವನ್ನು ಯಜಮಾನ ಆಳನ್ನು ಗದರಿಸುವಂತೆ ಗದರಿಸಿ ಬಿಡಿಸಿದನೆಂಬ ಕಥೆಯಿದೆ. ಪುರಾವೆಗೆ ಒಂದು ಪ್ರತಿಮೆ ಉರುಳಿಬೀಳುತ್ತದೆ. ಅದನ್ನು ಫಿಲೋಸ್ಟ್ರಾಟಸ್ ಬರೆದದ್ದು 3ನೆಯ ಶತಮಾನದ ಮೊದಲ ಭಾಗದಲ್ಲಿ, ಸುವಾರ್ತೆಗಳು ಬಂದು ನೂರಕ್ಕೂ ಹೆಚ್ಚು ವರ್ಷಗಳ ನಂತರ. ಆದರೂ ಉದಾಹರಣೆ ಇರುವುದು ನಿಜ. ಬೇರೆ ಯೆಹೂದ್ಯರು ದೆವ್ವ ಬಿಡಿಸುತ್ತಿದ್ದುದನ್ನು ಯೇಸುವೂ ಅಲ್ಲಗಳೆದಿಲ್ಲ: "ನಿಮ್ಮವರು ಯಾರ ಬಲದಿಂದ ಬಿಡಿಸುತ್ತಾರೆ?" (ಮತ್ತಾಯ 12:27). ಬರೀ ದೆವ್ವ ಬಿಡಿಸಿದ್ದೇ ದೈವತ್ವಕ್ಕೆ ಪುರಾವೆಯಾಗುವುದಿಲ್ಲ.

ಕುಕ್ಕೆ ಹಾಕಿದ ಬಾಯಿ

ಹೆಚ್ಚು ತೂಕ ಇರುವುದು ಎರಡು ಕ್ರಿಯಾಪದಗಳಲ್ಲಿ. ಕಪೆರ್ನೌಮಿನಲ್ಲಿ ಯೇಸು ದೆವ್ವವನ್ನು "ಗದರಿಸಿ" "ಸುಮ್ಮನಿರು" ಎನ್ನುತ್ತಾನೆ. "ಸುಮ್ಮನಿರು" ಎಂದು ನಾವು ಓದುವ ಗ್ರೀಕ್ ಪದ "ಫಿಮೋಥೇತಿ". ಅದರ ಮೂಲ ಅರ್ಥ ಬಾಯಿಗೆ ಕುಕ್ಕೆ ಹಾಕುವುದು. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದೆಂಬ ಧರ್ಮೋಪದೇಶಕಾಂಡ 25:4ರ ನಿಯಮಕ್ಕೆ ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದ ಬಳಸಿದ್ದೂ ಇದೇ ಕ್ರಿಯಾಪದ. ವಿನಂತಿಯ ದನಿ ಅದರಲ್ಲಿಲ್ಲ, ಒಡೆಯನು ಪ್ರಾಣಿಯನ್ನು ಹದ್ದಿನಲ್ಲಿಡುವ ದನಿಯಿದೆ.

ಮೂರು ಅಧ್ಯಾಯ ದಾಟಿದ ಮೇಲೆ ಅದೇ ಜೋಡಿ ಮತ್ತೆ ಬರುತ್ತದೆ, ಈ ಸಲ ಬಿರುಗಾಳಿಗೆ. ಗಾಳಿಯನ್ನು ಗದರಿಸುತ್ತಾನೆ, ಸಮುದ್ರದ ಬಾಯಿಗೆ ಕುಕ್ಕೆ ಹಾಕುತ್ತಾನೆ (4:39). ಜನರ ಪ್ರತಿಕ್ರಿಯೆಯೂ ಪ್ರತಿಧ್ವನಿಸುತ್ತದೆ: ಅಲ್ಲಿ "ಅಶುದ್ಧಾತ್ಮಗಳೂ ಇವನ ಮಾತು ಕೇಳುತ್ತವಲ್ಲ", ಇಲ್ಲಿ "ಗಾಳಿಯೂ ಸಮುದ್ರವೂ ಇವನ ಮಾತು ಕೇಳುತ್ತವಲ್ಲ, ಇವನು ಯಾರಿರಬಹುದು?" ಸಮುದ್ರವನ್ನು ಗದರಿಸುವವನು ಯಾರು? ಯೆಹೋವನು ಕೆಂಪು ಸಮುದ್ರವನ್ನು ಗದರಿಸಿದನು, ಅದು ಒಣಗಿತು ಎನ್ನುತ್ತದೆ 106ನೆಯ ಕೀರ್ತನೆಯ 9ನೆಯ ವಚನ. ಅಲ್ಲಿನ ಗ್ರೀಕ್ ಕ್ರಿಯಾಪದವೂ "ಎಪಿತಿಮಾಓ", ಮಾರ್ಕನ ಅದೇ ಪದ.

ಜೆಕರ್ಯ 3:2ರಲ್ಲಿ ಸೈತಾನನಿಗೆ ಹೇಳುವ ಮಾತು "ಯೆಹೋವನು ನಿನ್ನನ್ನು ಗದರಿಸಲಿ". ಯೂದನ ಪತ್ರಿಕೆಯ 9ನೆಯ ವಚನದಲ್ಲಿ ಪ್ರಧಾನ ದೂತನಾದ ಮಿಕಾಯೇಲನು ಮೋಶೆಯ ದೇಹದ ವಿಷಯವಾಗಿ ಸೈತಾನನೊಂದಿಗೆ ವಾದಿಸುವಾಗ ತಾನೇ ತೀರ್ಪು ಹೇಳುವ ಧೈರ್ಯ ಮಾಡದೆ "ಕರ್ತನು ನಿನ್ನನ್ನು ಗದರಿಸಲಿ" ಎಂದಷ್ಟೇ ಹೇಳುತ್ತಾನೆ. ದೇವದೂತರಲ್ಲಿ ಎಲ್ಲರಿಗಿಂತ ಮೇಲಿನವನೂ "ಗದರಿಸಲಿ" ಎಂದು ಕರ್ತನಿಗೆ ಬಿಡುವ ಕೆಲಸವನ್ನು ಯೇಸು ತಾನೇ ಮಾಡುತ್ತಾನೆ. ಇಡೀ ಚರ್ಚೆಯಲ್ಲಿ ಒಂದೇ ಒಂದು ಹೋಲಿಕೆ ಇಟ್ಟುಕೊಳ್ಳಬೇಕಾದರೆ ಇದನ್ನು ಇಟ್ಟುಕೊಳ್ಳಬಹುದು.

ಗೆರಸೇನರ ಸೀಮೆಯಲ್ಲಿ

ಬಿರುಗಾಳಿಯ ದೃಶ್ಯ "ಇವನು ಯಾರು?" ಎಂಬ ಪ್ರಶ್ನೆಯಲ್ಲಿ ನಿಲ್ಲುತ್ತದೆ. ದೋಣಿ ದಡ ಮುಟ್ಟುತ್ತದೆ, ಸಮಾಧಿಗಳ ನಡುವಿನಿಂದ ಒಬ್ಬ ಓಡಿಬರುತ್ತಾನೆ, ಉತ್ತರ ಅವನ ಬಾಯಿಂದ ಬೀಳುತ್ತದೆ: "ಯೇಸುವೇ, ಪರಾತ್ಪರನಾದ ದೇವರ ಮಗನೇ" (5:7). ಶಿಷ್ಯರ ಪ್ರಶ್ನೆಗೆ ದೆವ್ವದ ಉತ್ತರ! ಮಾರ್ಕ ಇವೆರಡನ್ನು ಅಕ್ಕಪಕ್ಕ ಇಟ್ಟದ್ದು ಸುಮ್ಮನೆ ಅಲ್ಲ. "ಪರಾತ್ಪರನಾದ ದೇವರು" ಎಂಬುದು ಬೈಬಲಿನಲ್ಲಿ ಅನ್ಯಜನರ (ಯೆಹೂದ್ಯರಲ್ಲದವರ) ಬಾಯಲ್ಲಿ ಮತ್ತೆ ಮತ್ತೆ ಬರುವ ಹೆಸರು: ಮೆಲ್ಕಿಚೆದೆಕ, ಬಿಳಾಮ, ಫಿಲಿಪ್ಪಿಯಲ್ಲಿ ಅಪೊಸ್ತಲ ಪೌಲನ ಹಿಂದೆ ಕೂಗುತ್ತ ಬಂದ ದೆವ್ವ ಹಿಡಿದ ದಾಸಿ. ಗೆರಸೇನರ ಸೀಮೆಯಿದ್ದ ದೆಕಪೊಲಿಯ ಅನ್ಯಜನರ ನೆಲಕ್ಕೆ ಅದು ಹೊಂದುತ್ತದೆ.

ಸ್ಥಳದ ಹೆಸರಿನ ತೊಡಕನ್ನು ಮುಚ್ಚಿಡಬೇಕಾಗಿಲ್ಲ. ಗೆರಸ ಪಟ್ಟಣ ಸರೋವರದಿಂದ 50 ಕಿ.ಮೀ.ಗೂ ದೂರ, ಮತ್ತಾಯ ಹೇಳುವ ಗದರ ಸುಮಾರು 10 ಕಿ.ಮೀ. ಹಸ್ತಪ್ರತಿಗಳಲ್ಲಿ "ಗೆರ್ಗೆಸ" ಎಂಬ ಮೂರನೆಯ ಪಾಠವೂ ಉಂಟು. ಮತ್ತಾಯನಲ್ಲಿ ದೆವ್ವ ಹಿಡಿದವರು ಇಬ್ಬರು. ಇವು ನಿಜವಾದ ಪ್ರಶ್ನೆಗಳು, ಆದರೆ ನಮ್ಮ ವಿಷಯ ಇವುಗಳ ಮೇಲೆ ನಿಂತಿಲ್ಲ.

ಈ ಪ್ರಸಂಗದಲ್ಲಿ ಮೂರು ತಿರುವುಗಳನ್ನು ಗಮನಿಸಬೇಕು. ಮೊದಲನೆಯದು ಆಣೆ. "ದೇವರಾಣೆ, ನನ್ನನ್ನು ಪೀಡಿಸಬೇಡ" ಎನ್ನುತ್ತದೆ ದೆವ್ವ. ಅಲ್ಲಿರುವ "ಹೊರ್ಕಿಜೋ" ದೆವ್ವ ಬಿಡಿಸುವವರು ದೆವ್ವಕ್ಕೆ ಆಣೆ ಹಾಕಲು ಬಳಸುತ್ತಿದ್ದ ಪದ. ಅಪೊಸ್ತಲರ ಕೃತ್ಯಗಳು 19:13ರಲ್ಲಿ ಅದು ಹಾಗೆಯೇ ಬರುತ್ತದೆ. ಇಲ್ಲಿ ದೆವ್ವವೇ ಬಿಡಿಸುವವನ ಮೇಲೆ ಆಣೆ ಹಾಕುತ್ತದೆ. ನಗು ಬರಿಸುವಷ್ಟು ತಿರುಗುಮುರುಗಾದ ದೃಶ್ಯ, ಮತ್ತು ಆ ಆಣೆ ಏನೂ ಕೆಲಸ ಮಾಡುವುದಿಲ್ಲ.

ಎರಡನೆಯದು ಹೆಸರು. ಹೆಸರು ತಿಳಿದರೆ ವಶವಾಗುತ್ತದೆ ಎಂಬುದು ಮಂತ್ರಗಾರರ ನಂಬಿಕೆ. ದೆವ್ವಕ್ಕೆ ಯೇಸುವಿನ ಹೆಸರು, ಬಿರುದು ಎಲ್ಲ ಗೊತ್ತು, ಆದರೂ ವಶ ಸಿಗಲಿಲ್ಲ. ಯೇಸು "ನಿನ್ನ ಹೆಸರೇನು" ಎಂದು ಕೇಳುವುದನ್ನು ಕೆಲವರು ಆತನೂ ಅದೇ ತಂತ್ರ ಬಳಸಿದ್ದಕ್ಕೆ ಗುರುತೆನ್ನುತ್ತಾರೆ. ಆದರೆ ಉತ್ತರವಾಗಿ ಬಂದ "ದಂಡು" ಹೆಸರಿಗಿಂತ ಹೆಚ್ಚಾಗಿ ಸಂಖ್ಯೆ: ರೋಮನ್ನರ ಒಂದು ದಂಡೆಂದರೆ ಲೆಕ್ಕದಲ್ಲಿ 5,000ಕ್ಕೂ ಹೆಚ್ಚು ಕಾಲಾಳುಗಳು. ಮುಂದೆ ಯೇಸು ಆ ಹೆಸರನ್ನು ಬಳಸಿ ಏನನ್ನೂ ಹೇಳುವುದಿಲ್ಲ. ಎಷ್ಟು ದೊಡ್ಡ ಗುಂಪು ಎಂದು ಓದುಗನಿಗೆ ಗೊತ್ತಾಗುವುದೇ ಆ ಪ್ರಶ್ನೆಯ ಫಲ.

ಮೂರನೆಯದು ಅಪ್ಪಣೆ. ದಂಡು ಹಂದಿಗಳೊಳಗೆ ಹೋಗಲು ಅನುಮತಿ ಬೇಡುತ್ತದೆ, ಯೇಸು ಕೊಡುತ್ತಾನೆ. ಸುಮಾರು 2,000 ಹಂದಿಗಳು ಕಡಿದಾದ ದಿಣ್ಣೆಯಿಂದ ಸರೋವರಕ್ಕೆ ಬೀಳುತ್ತವೆ. ಹಂದಿಗಳ ನಷ್ಟ ಯಾರ ಮೇಲೆ ಎಂಬ ಚರ್ಚೆಯಲ್ಲಿ ಈ ಬೇಡಿಕೆ ಮರೆತುಹೋಗುತ್ತದೆ. ಯೋಬನ ಗ್ರಂಥದಲ್ಲಿ ಸೈತಾನನು ಯೋಬನನ್ನು ಮುಟ್ಟಲು ದೇವರ ಅನುಮತಿ ಪಡೆಯಬೇಕು. ಇಲ್ಲಿ ದಂಡು ಕೈಯೊಡ್ಡಿದ್ದು ಯೇಸುವಿನ ಮುಂದೆ. ಇದೇ ಪ್ರಸಂಗದಲ್ಲಿ ಮತ್ತಾಯನು "ಕಾಲ ಬರುವ ಮೊದಲೇ ನಮ್ಮನ್ನು ಪೀಡಿಸಲು ಬಂದೆಯಾ" ಎಂಬ ಮಾತನ್ನು ಸೇರಿಸುತ್ತಾನೆ (8:29). ದುರಾತ್ಮಗಳಿಗೆ ಮಹಾತೀರ್ಪಿನ ದಿನದವರೆಗೆ ಮಾತ್ರ ಅವಕಾಶ ಎಂಬ ನಂಬಿಕೆ ಹನೋಕನ ಪುಸ್ತಕವೆಂಬ ಪ್ರಾಚೀನ ಯೆಹೂದ್ಯ ಕೃತಿಯಲ್ಲೂ ಇದೆ. ಆ ತೀರ್ಪುಗಾರ ಎದುರಿಗೆ ನಿಂತಿದ್ದಾನೆಂದು ದೆವ್ವಗಳಿಗೆ ಗೊತ್ತು. ಅವುಗಳ ತಕರಾರು ವೇಳೆಯ ಬಗ್ಗೆ ಮಾತ್ರ.

ಇನ್ನು ಕೊನೆಯ ಎರಡು ವಾಕ್ಯ. ಗುಣವಾದವನಿಗೆ ಯೇಸು ಹೇಳುತ್ತಾನೆ: ಮನೆಗೆ ಹೋಗಿ ದೇವರು ನಿನಗೆ ಎಷ್ಟು ದೊಡ್ಡ ಕೆಲಸ ಮಾಡಿದ್ದಾನೆಂದು ತಿಳಿಸು. ಅವನು ಹೋಗಿ ಯೇಸು ತನಗೆ ಎಷ್ಟು ದೊಡ್ಡ ಕೆಲಸ ಮಾಡಿದನೆಂದು ಊರೆಲ್ಲ ಸಾರುತ್ತಾನೆ. ಇದು ಲೂಕ 8:39. ಮಾರ್ಕನಲ್ಲಿ "ದೇವರು" ಇರುವಲ್ಲಿ "ಕರ್ತನು" ಎಂದಿದೆ. ವಾಕ್ಯದ ಅಚ್ಚು ಒಂದೇ, ಕರ್ತೃಪದ ಮಾತ್ರ ಬದಲು. ಗ್ರೀಕಿನಲ್ಲಿ ಲೂಕನು ಎರಡೂ ಉಪವಾಕ್ಯಗಳ ಕೊನೆಯ ಪದವಾಗಿ ಇವುಗಳನ್ನು ಇಡುತ್ತಾನೆ: ಒಂದರ ತುದಿಯಲ್ಲಿ "ದೇವರು", ಇನ್ನೊಂದರ ತುದಿಯಲ್ಲಿ "ಯೇಸು". ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಆ ಪ್ರಾಸದಂಥ ಜೋಡಣೆ ಅನುವಾದದಲ್ಲಿ ಕಳೆದುಹೋಗುತ್ತದೆ. ದೇವರು ಯೇಸುವಿನ ಮೂಲಕ ಮಾಡಿದ್ದು ಎಂದಷ್ಟೇ ಇದನ್ನು ಓದಲೂ ಸಾಧ್ಯ. ಆದರೆ ಅಷ್ಟನ್ನೇ ಹೇಳಬೇಕಿದ್ದರೆ ಲೂಕನು ಅಪೊಸ್ತಲರ ಕೃತ್ಯಗಳಲ್ಲಿ ಮಾಡುವಂತೆ "ಅವನ ಮೂಲಕ ದೇವರು" ಎಂದು ಬರೆಯಬಹುದಿತ್ತು. ಇಲ್ಲಿ ಹಾಗೆ ಬರೆದಿಲ್ಲ.

ವಿರೋಧಿಗಳ ವಿವರಣೆ

ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳು ಘಟನೆಯನ್ನು ಅಲ್ಲಗಳೆಯಲಿಲ್ಲ, ಅದರ ಮೂಲವನ್ನು ಪ್ರಶ್ನಿಸಿದರು: ದೆವ್ವಗಳ ಒಡೆಯನಾದ ಬೆಲ್ಜೆಬೂಲನ ಬಲದಿಂದ ಬಿಡಿಸುತ್ತಾನೆ (ಮಾರ್ಕ 3:22). ಬಹಳ ಕಾಲದ ನಂತರ ಬಾಬಿಲೋನಿನ ತಾಲ್ಮೂದು ಎಂಬ ಯೆಹೂದ್ಯ ಗುರುಗಳ ಬೋಧನೆಗಳ ಸಂಗ್ರಹದ ಒಂದು ಭಾಗವೂ ಯೇಸುವಿನ ಮೇಲೆ ಮಾಟದ ಆರೋಪವನ್ನೇ ಹೊರಿಸುತ್ತದೆ. ಇತಿಹಾಸದ ದೃಷ್ಟಿಯಿಂದ ಇದು ಬೆಲೆಯುಳ್ಳ ಸಂಗತಿ. ಏನೂ ನಡೆದಿಲ್ಲವೆಂದು ಹೇಳುವ ಅವಕಾಶವಿದ್ದವರು ಆ ದಾರಿ ಹಿಡಿಯಲಿಲ್ಲ.

ಯೇಸುವಿನ ಉತ್ತರದಲ್ಲಿ ಎರಡು ಹಳೆಯ ದನಿಗಳಿವೆ. "ನಾನು ದೇವರ ಬೆರಳಿನಿಂದ ದೆವ್ವಗಳನ್ನು ಬಿಡಿಸುವುದಾದರೆ ದೇವರ ರಾಜ್ಯ ನಿಮ್ಮ ಹತ್ತಿರ ಬಂದಿದೆ" (ಲೂಕ 11:20). ವಿಮೋಚನಕಾಂಡ 8:19ರಲ್ಲಿ ಫರೋಹನ ಮಂತ್ರಗಾರರು ಮೋಶೆಗೆ ಸೋತು "ಇದು ದೇವರ ಬೆರಳು" ಎಂದದ್ದು ಇದೇ ಮಾತು. ಮಂತ್ರಗಾರನೆಂದು ತನ್ನನ್ನು ದೂರುವವರಿಗೆ ಯೇಸು ಮಂತ್ರಗಾರರೇ ಸೋಲೊಪ್ಪಿದ ಮಾತನ್ನು ಎತ್ತಿ ತೋರಿಸುತ್ತಾನೆ. ಎರಡನೆಯದು ಬಲಿಷ್ಠನ ಸಾಮ್ಯ: ಬಲಿಷ್ಠನನ್ನು ಮೊದಲು ಕಟ್ಟಿಹಾಕದೆ ಅವನ ಮನೆ ಸೂರೆಮಾಡಲಾಗದು. ಇದರ ಹಿಂದೆ ಯೆಶಾಯ 49:24-25 ಇದೆ. ಬಲಿಷ್ಠನ ಕೈಯಿಂದ ಕೊಳ್ಳೆ ಬಿಡಿಸಲಾದೀತೇ ಎಂಬ ಪ್ರಶ್ನೆಗೆ ಯೆಹೋವನು ಅಲ್ಲಿ ಹೇಳುವುದು "ನಾನೇ ಹೋರಾಡುವೆನು" ಎಂದು. ಆ "ನಾನೇ" ಇರುವ ಜಾಗದಲ್ಲಿ ಯೇಸು ತನ್ನನ್ನು ನಿಲ್ಲಿಸಿಕೊಳ್ಳುತ್ತಾನೆ.

ಅಧಿಕಾರವನ್ನು ಹಂಚುವುದು

ಇದನ್ನು ಹೆಚ್ಚಿನವರು ಗಮನಿಸದೆ ದಾಟಿಬಿಡುತ್ತಾರೆ. ಶಿಷ್ಯನಾದ ಎಲೀಷನು ಎಲೀಯನ ಆತ್ಮದಲ್ಲಿ ಎರಡು ಪಾಲು ಕೇಳಿದಾಗ ಎಲೀಯನ ಉತ್ತರ "ನೀನು ಕಷ್ಟವಾದದ್ದನ್ನು ಕೇಳಿದ್ದೀ" (2 ಅರಸುಗಳು 2:10). ಅದು ಅವನ ಕೈಯಲ್ಲಿರಲಿಲ್ಲ. ಮೋಶೆಯ ಮೇಲಿದ್ದ ಆತ್ಮವನ್ನು ಎಪ್ಪತ್ತು ಹಿರಿಯರಿಗೆ ಹಂಚಿದವನು ಯೆಹೋವನು (ಅರಣ್ಯಕಾಂಡ 11:25). ಯೇಸುವಾದರೋ ಹನ್ನೆರಡು ಮಂದಿಯನ್ನು ಕರೆದು ಅಶುದ್ಧಾತ್ಮಗಳ ಮೇಲೆ ಅಧಿಕಾರವನ್ನು ತಾನೇ ಕೊಡುತ್ತಾನೆ (ಮಾರ್ಕ 6:7). ಅವರು ಬಳಸಬೇಕಾದದ್ದು ಆತನ ಹೆಸರು. ಫಿಲಿಪ್ಪಿಯಲ್ಲಿ ಪೌಲನ ಮಾತು "ಯೇಸು ಕ್ರಿಸ್ತನ ಹೆಸರಿನಲ್ಲಿ ಅಪ್ಪಣೆ ಕೊಡುತ್ತೇನೆ" ಎಂದೇ.

ಹೆಸರನ್ನು ಮಂತ್ರವೆಂದು ತಿಳಿದರೆ ಏನಾಗುತ್ತದೆಂಬುದನ್ನು ಎಫೆಸದಲ್ಲಿ ಸ್ಕೇವನ ಏಳು ಮಂದಿ ಮಕ್ಕಳು ಕಲಿತರು. "ಪೌಲನು ಸಾರುವ ಯೇಸುವಿನಾಣೆ" ಎಂದರು, "ಯೇಸುವನ್ನು ಬಲ್ಲೆ, ಪೌಲನನ್ನೂ ಬಲ್ಲೆ, ನೀವು ಯಾರು?" ಎಂದು ದೆವ್ವ ಹಿಡಿದವನು ಮೇಲೆ ಬಿದ್ದ, ಅವರು ಬಟ್ಟೆಯಿಲ್ಲದೆ, ಗಾಯಗೊಂಡು ಮನೆಯಿಂದ ಓಡಿದರು. ಆ ಹೆಸರಿಗೆ ಯಾವನು ಸೇರಿದ್ದಾನೋ ಅವನ ಬಾಯಲ್ಲಿ ಮಾತ್ರ ಅದು ಕೆಲಸ ಮಾಡಿತು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಸುವಾರ್ತೆಗಳು ಎಲ್ಲ ಕಾಯಿಲೆಯನ್ನೂ ದೆವ್ವದ ಕಾಟವೆನ್ನುವುದಿಲ್ಲ. ಮತ್ತಾಯ 4:24 ದೆವ್ವ ಹಿಡಿದವರು, ಮೂರ್ಛೆರೋಗಿಗಳು, ಪಾರ್ಶ್ವವಾಯು ರೋಗಿಗಳು ಎಂದು ಬೇರೆ ಬೇರೆಯಾಗಿ ಪಟ್ಟಿಮಾಡುತ್ತದೆ. ಮಾರ್ಕ 9ರ ಹುಡುಗನ ಲಕ್ಷಣಗಳು ಮೂರ್ಛೆರೋಗವನ್ನು ಹೋಲುತ್ತವೆಂಬುದು ನಿಜ. ಅದನ್ನು ಹಿಡಿದುಕೊಂಡು ಇಂದಿನ ರೋಗಿಯ ಔಷಧ ನಿಲ್ಲಿಸುವುದು ವಚನವನ್ನು ತಪ್ಪಾಗಿ ಓದಿದಂತೆ, ಜೀವಕ್ಕೂ ಅಪಾಯ.

ಬಾಯಿ ಮುಚ್ಚಿಸಿದ್ದೇಕೆ?

ಮಾರ್ಕ 1:25, 1:34, 3:12. ತಾನು ಯಾರೆಂದು ಹೇಳಬೇಡವೆಂದು ಯೇಸು ದೆವ್ವಗಳಿಗೆ ಕಟ್ಟಪ್ಪಣೆ ಮಾಡುತ್ತಾನೆ. 1901ರಲ್ಲಿ ಜರ್ಮನಿಯ ವಿಲಿಯಂ ವ್ರೇಡೆ ಈ ಮೌನವನ್ನೇ ಹಿಡಿದು "ಮೆಸ್ಸೀಯನ (ಅಭಿಷಿಕ್ತ ಅರಸನ) ಗುಟ್ಟು" ಎಂಬ ವಾದ ಮಂಡಿಸಿದ: ಯೇಸುವನ್ನು ಬದುಕಿದ್ದಾಗ ಜನ ಮೆಸ್ಸೀಯನೆಂದು ಏಕೆ ಗುರುತಿಸಲಿಲ್ಲ ಎಂಬುದನ್ನು ವಿವರಿಸಲು ಈ ಮೌನ ಬಂತು, ಅದು ಇತಿಹಾಸವಲ್ಲ, ದೇವತಾಶಾಸ್ತ್ರ. ಆದರೆ ಗುಟ್ಟು ಮಾಡುವುದೇ ಉದ್ದೇಶವಾಗಿದ್ದರೆ ಗೆರಸೇನದವನಿಗೆ "ಹೋಗಿ ತಿಳಿಸು" ಎಂದದ್ದು ಹೊಂದುವುದಿಲ್ಲ. ಎರಡು ಸರಳ ಕಾರಣಗಳು ಕಾಣುತ್ತವೆ. ದೆವ್ವದ ಹೊಗಳಿಕೆಯನ್ನು ಒಪ್ಪಿಕೊಂಡಿದ್ದರೆ ಬೆಲ್ಜೆಬೂಲನೊಂದಿಗೆ ಒಳಒಪ್ಪಂದವೆಂಬ ಆರೋಪಕ್ಕೆ ತಾನೇ ಪುರಾವೆ ಕೊಟ್ಟಂತಾಗುತ್ತಿತ್ತು. ಫಿಲಿಪ್ಪಿಯಲ್ಲಿ ನಿಜವನ್ನೇ ಕೂಗುತ್ತಿದ್ದ ದಾಸಿಯನ್ನು ಪೌಲನು ಸಹಿಸದಿದ್ದದ್ದೂ ಇಂಥದೇ. ಇನ್ನೊಂದು, ದೆವ್ವಗಳಿಗೆ ಬಿರುದು ಗೊತ್ತಿತ್ತು, ಶಿಲುಬೆ ಗೊತ್ತಿರಲಿಲ್ಲ. ಶಿಲುಬೆಯಿಲ್ಲದ "ದೇವರ ಮಗ" ಜನರ ಬಾಯಲ್ಲಿ ದಂಗೆಯ ನಾಯಕನಾಗಿಬಿಡುತ್ತಿದ್ದ.

ಮಾರ್ಕನಲ್ಲಿ ಆತನನ್ನು ದೇವರ ಮಗನೆಂದು ಒಪ್ಪಿ ಹೇಳುವ ಮೊದಲ ಮನುಷ್ಯ ರೋಮನ್ ಶತಾಧಿಪತಿ, ಅದೂ ಆತನು ಪ್ರಾಣಬಿಟ್ಟದ್ದನ್ನು ಕಂಡ ಮೇಲೆ (15:39). ಮೊದಲ ಅಧ್ಯಾಯಗಳಲ್ಲಿ ದೆವ್ವಗಳ ಬಾಯಿಗೆ ಹಾಕಿದ್ದ ಕುಕ್ಕೆ ಈ ಒಂದು ಬಾಯಿಗೆ ಇಲ್ಲ.

ಯೋಹಾನನು ದೆವ್ವ ಬಿಡಿಸಿದ ಪ್ರಸಂಗಗಳನ್ನು ಏಕೆ ಬರೆಯಲಿಲ್ಲ ಎಂಬ ಪ್ರಶ್ನೆಗೆ ಸುಳಿವೂ ಅಲ್ಲೇ ಸಿಗಬಹುದು. "ಈಗ ಈ ಲೋಕದ ಅಧಿಪತಿ (ಅಂದರೆ ಸೈತಾನ) ಹೊರಗೆ ಹಾಕಲ್ಪಡುವನು" ಎನ್ನುತ್ತಾನೆ ಯೋಹಾನನ ಸುವಾರ್ತೆಯ ಯೇಸು, ತಾನು ಶಿಲುಬೆಯ ಮೇಲೆ ಎತ್ತಲ್ಪಡುವುದನ್ನು ಕುರಿತು (12:31-32). ಅಲ್ಲಿ "ಹೊರಗೆ ಹಾಕು" ಎಂಬುದಕ್ಕಿರುವ "ಎಕ್‌ಬಾಲ್ಲೋ" ಉಳಿದ ಮೂರು ಸುವಾರ್ತೆಗಳು ದೆವ್ವ ಬಿಡಿಸುವುದಕ್ಕೆ ಬಳಸುವ ಪದವೇ.